ಅರ್ಧ ಬೆರಳಿನ ಮಗು

ಕ್ರಿಸ್ತಶಕ ೧೮೫೫ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಪಿಯೆವೆಫ್ರೆದ್ದ ಊರಿನ ಪೌರಸಭೆಯು ಕಾಲರಾ ರೋಗವನ್ನು ಸರ್ವಾನುಮತದಿಂದ ಮುಕ್ತಾಯಗೊಳಿಸಿತು. ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬಕ್ಕೆ ಪರವೂರಿನ ಜನ ಬರಬೇಕಾಗಿತ್ತು. ರೋಗವಿರುವ ಊರಿಗೆ ಜನ ಬರುವುದಿಲ್ಲ. ಆದ್ದರಿಂದ ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಊಟದೊಳಗೆ ರೋಗ ನಿಂತುಹೋಗಿದೆಯೆಂದು ನಿರ್ಣಯಿಸಲಾಯಿತು. ಪೌರಾಧ್ಯಕ್ಷ ತೊರೆಲ್ಲೊ ಅವರು ಸಭೆಗೆ ಖುದ್ದಾಗಿ ಬಂದಿರಲಿಲ್ಲ. ರೋಗ ಕಾಣಿಸಿಕೊಂಡ ದಿನದಿಂದಲೂ ಅವರು ಬೆಟ್ಟದ ಮೇಲಿನ ತಮ್ಮ ಬಂಗಲೆಯಲ್ಲಿ ಕೂತೇ ಊರನ್ನು ಕಾಪಾಡುತ್ತಿದ್ದರು. ಊರಿನಿಂದ ಹೋದ ನಿರ್ಣಯದ ಕಾಗದವನ್ನು ರೋಗ ಅಂಟದಂತೆ ವಿನೆಗರಿನಲ್ಲಿ ಅದ್ದಿಸಿ, ಬಿಸಿಲಿಗೆ ಒಣಗಿಸಿ, ಸಹಿ ಹಾಕಿ ಕಳಿಸಿದರು.

ಕಲ್ಲುಕೆತ್ತನೆಯ ಅಮಿಲ್ಕಾರೆ ಬಂದೆಲ್ಲೋನಿಯ ಏಳು ವರ್ಷದ ಮಗಳು ಎರ್ಸಿಲಿಯಾಳಿಗೆ ಈ ನಿರ್ಣಯ ತಿಳಿದಿರಲಿಲ್ಲ. ಹಬ್ಬ ಕಳೆದ ಎರಡನೇ ದಿನ ಅವಳು ಕಾಲರಾದಿಂದ ತೀರಿಕೊಂಡಳು.

ಅವಳನ್ನು ಉಳಿದವರ ಜೊತೆ ಸುಣ್ಣದ ಗುಂಡಿಗೆ ಹಾಕಿದರು. ಗುಂಡಿಯ ಮೇಲೆ ಗುರುತು ಇಡಬಾರದೆಂದು ಆಜ್ಞೆಯಿತ್ತು. ಅಮಿಲ್ಕಾರೆ ಮತ್ತು ಅವನ ಹೆಂಡತಿ ಆರ್ಜಿಯಾ ಸಾವನ್ನು ದಾಖಲಿಸಲು ಪೌರಸಭೆಗೆ ಹೋದಾಗ ಕಾರ್ಯದರ್ಶಿ ನಿಕೊಡೆಮೊ ಪುಸ್ತಕ ತೆರೆದ, ದಿನಾಂಕ ಕೇಳಿದ, ಪುಸ್ತಕ ಮುಚ್ಚಿದ.

"ಕಾಲರಾ ಹದಿನಾಲ್ಕಕ್ಕೇ ಮುಗೀತಲ್ಲಮ್ಮ. ಹದಿನೇಳಕ್ಕೆ ಅದರಿಂದ ಸಾಯಕ್ಕೆ ಹೆಂಗಾಗತ್ತೆ? ಬೇರೆ ಏನಾದ್ರೂ ಬರ್ಕೊಳ್ಳಲಾ? ಮರದಿಂದ ಬಿದ್ದು ಅಂತ ಬರೆಯೋಣ. ಇಬ್ಬರು ಸಾಕ್ಷಿ ಕರ್ಕೊಂಡು ಬನ್ನಿ, ಸಾಕು."

"ನನ್ನ ಮಗಳು ಮರ ಹತ್ತಿದವಳಲ್ಲ," ಎಂದಳು ಆರ್ಜಿಯಾ. "ಸತ್ತ ಮೇಲೆ ಯಾಕೆ ಹತ್ತಿಸ್ತೀರಿ?"

"ಹಾಗಾದ್ರೆ ಕಾನೂನಿನ ಪ್ರಕಾರ ಬದುಕಿದಾಳೆ," ಎಂದ ನಿಕೊಡೆಮೊ. ಅವನೇನು ಕೆಟ್ಟವನಲ್ಲ. ಹೇಳುವಾಗ ತಲೆ ತಗ್ಗಿಸಿದ್ದ.

ಅಂದಿನಿಂದ ಬಂದೆಲ್ಲೋನಿ ಮನೆಗೆ ಎರ್ಸಿಲಿಯಾಳ ಹೆಸರಿಗೆ ಕಾಗದ ಬರುವುದು ನಿಲ್ಲಲಿಲ್ಲ. ಸದರಿ ಬಾಲಕಿಯು ಧರ್ಮೋಪದೇಶದ ತರಗತಿಗೆ ಸತತವಾಗಿ ಗೈರುಹಾಜರಾಗಿರುವುದು ಗಮನಕ್ಕೆ ಬಂದಿದೆ. ಸದರಿ ಬಾಲಕಿಯನ್ನು ಸಿಡುಬಿನ ಚುಚ್ಚುಮದ್ದಿಗೆ ಬೆಳಿಗ್ಗೆ ಎಂಟಕ್ಕೆ ಹಾಜರುಪಡಿಸತಕ್ಕದ್ದು. ಅಮಿಲ್ಕಾರೆ ಎರಡು ಸಲ ಉತ್ತರ ಬರೆಸಿದ. ಆಮೇಲೆ ಬಿಟ್ಟ. ಊರಲ್ಲಿ ಯಾರ ಸಮಾಧಿಗೆ ಕಲ್ಲು ಬೇಕಾದರೂ ಕೆತ್ತಿಕೊಡುತ್ತಿದ್ದವನು ಅವನು. ಸ್ವಂತ ಮಗಳಿಗೆ ಮಾತ್ರ ಒಂದು ಹೆಸರು ಕೆತ್ತುವಂತಿರಲಿಲ್ಲ, ಯಾಕೆಂದರೆ ಬದುಕಿರುವವರಿಗೆ ಸಮಾಧಿಗಲ್ಲು ನಿಲ್ಲಿಸುವುದು ಅಪರಾಧ. ಈ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಮರುವರ್ಷ, ರೋಗವನ್ನು ಯಶಸ್ವಿಯಾಗಿ ನಿಲ್ಲಿಸಿದ್ದಕ್ಕೆ ದೇವರಿಗೂ ಒಂದು ಕೃತಜ್ಞತೆ ಸಲ್ಲಿಸುವುದು ಒಳ್ಳೆಯದೆಂದು ಪೌರಸಭೆಗೆ ತೋಚಿತು. ಚರ್ಚಿನೊಳಗಿನ ಪಕ್ಕದ ಬಲಿಪೀಠದ ಹಿಂದೆ ಅಮೃತಶಿಲೆಯ ಉಬ್ಬುಶಿಲ್ಪವೊಂದನ್ನು ನಿಲ್ಲಿಸುವುದು, ವಿಷಯ "ಮಕ್ಕಳನ್ನು ಹರಸುವ ಯೇಸುಸ್ವಾಮಿ", ಕೆಲಸ ಅಮಿಲ್ಕಾರೆಗೆ. ಅವನು ಹೆಚ್ಚು ಕೂಲಿ ಕೇಳಲಿಲ್ಲ. ಕರಾರಿನಲ್ಲಿ ಒಂದೇ ಒಂದು ಸಾಲು ಸೇರಿಸಲು ಕೇಳಿದ: ಸ್ವಾಮಿಯ ಮಂಡಿಯ ಬಳಿ ನಿಲ್ಲುವ ಮಗುವಿನ ಮುಖ ಶಿಲ್ಪಿಯ ಇಚ್ಛೆಗೆ ಬಿಟ್ಟದ್ದು. ಯಾವ ಮುಖ ಎಂದು ಎಲ್ಲರಿಗೂ ಗೊತ್ತಾಯಿತು. ಹೆಸರು ಹಾಕದಿದ್ದರೆ ಅಡ್ಡಿಯಿಲ್ಲ ಎಂದರು.

ಒಂದು ಆಳೆತ್ತರದ, ಪೂರ್ತಿ ಒಂದು ಗೇಣು ದಪ್ಪದ ಚಪ್ಪಡಿ ಗಣಿಯಿಂದ ಎತ್ತಿನ ಗಾಡಿಯಲ್ಲಿ ಇಳಿಯಿತು. ಎಂಟು ತಿಂಗಳಲ್ಲಿ ಯೇಸುಸ್ವಾಮಿ ಕಲ್ಲಿನಿಂದ ನಾಲ್ಕು ಬೆರಳಿನಷ್ಟು ಮುಂದಕ್ಕೆ ಬಂದರು. ಶಿಷ್ಯರು ಹಿಂದೆ ಎರಡು ಬೆರಳಿನಲ್ಲಿ ನಿಂತರು. ಸ್ವಾಮಿಯ ಕೈಯ ಕೆಳಗೆ ಎರ್ಸಿಲಿಯಾ ಮೂಡಿದಳು, ಮೂರು ಬೆರಳು, ಮೇಲಕ್ಕೆ ತಿರುಗಿದ ಮೂಗಿನ ಸಮೇತ. ಆರ್ಜಿಯಾ ಕಾರ್ಯಾಗಾರಕ್ಕೆ ಚೆಸ್ಟ್‌ನಟ್ ಹಿಟ್ಟಿನ ರೊಟ್ಟಿ ತಂದವಳು ತುಂಬ ಹೊತ್ತು ನೋಡಿದಳು.

"ಕಿವಿ ಇಷ್ಟು ಚಿಕ್ಕದಿರಲಿಲ್ಲ."

"ದೊಡ್ಡದಾಗೇ ಇತ್ತು. ದೇವರ ಮುಂದೆ ಸ್ವಲ್ಪ ಸಣ್ಣ ಮಾಡಿದೀನಿ."

"ನಿಮ್ಮ ಕಡೆಯವರ ಕಿವಿ ಅಂತ ಮರೆಸ್ತಿದೀರಿ," ಎಂದಳು. ಒಂದೂವರೆ ವರ್ಷದಲ್ಲಿ ಆ ಮನೆಯವರಿಗೆ ನಗು ಬಂದದ್ದು ಅದೇ ಮೊದಲು.

ಆಗ ಪೌರಾಧ್ಯಕ್ಷರು ತಪಾಸಣೆಗೆ ಬಂದರು.

"ಈ ಶಿಷ್ಯ ಯಾರು, ಮೇಸ್ತ್ರಿ?"

"ಪೇತ್ರ, ಸ್ವಾಮಿ. ಮಕ್ಕಳು ಗಲಾಟೆ ಮಾಡ್ತವೆ ಅಂತ ಓಡಿಸ್ತಿದಾರೆ."

"ಜವಾಬ್ದಾರಿ ಇರೋ ಮನುಷ್ಯ. ಅವನಿಗೆ ನನ್ನ ಮುಖ ಇಡು." ಅವರು ಬೆರಳಿಟ್ಟು ಅಳೆದರು. "ಎರಡೇ ಬೆರಳಾ? ನನ್ನನ್ನ ಇನ್ನೊಂದು ಬೆರಳು ಮುಂದಕ್ಕೆ ತಾ."

"ಇದು ಕಲ್ಲು ಸ್ವಾಮಿ, ರೊಟ್ಟಿ ಹಿಟ್ಟಲ್ಲ. ಸೇರಿಸಕ್ಕೆ ಬರಲ್ಲ, ತೆಗೆಯಕ್ಕೆ ಮಾತ್ರ ಬರೋದು. ತಮ್ಮನ್ನ ಎತ್ತಬೇಕಾದ್ರೆ ಸುತ್ತ ಇರೋರನ್ನೆಲ್ಲ ಇಳಿಸಬೇಕು."

ಪೌರಾಧ್ಯಕ್ಷರು ಬೆರಳಿನ ಧೂಳು ಒರೆಸಿಕೊಂಡರು. "ನಾನು ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡ್ತಿರೋದು. ಇಳಿಸು," ಎಂದರು.

ಇದು ಚರ್ಚಿನ ಗುರು ದೋನ್ ಕಲಿಸ್ತೊ ಅವರ ಕಿವಿಗೆ ಬಿದ್ದು, ಶಿಷ್ಯ ಯೊವಾನ್ನನಿಗೆ ತಮ್ಮ ಮುಖ ಇಡಬೇಕೆಂದು ಅವರೂ ಕೇಳಿದರು. ಗೊಂದಲ ತಪ್ಪಿಸಲು ಪೌರಸಭೆಯು "ಉಬ್ಬುಗಳ ಪಟ್ಟಿ" ಎಂಬ ನಿಯಮವನ್ನು ಅಂಗೀಕರಿಸಿತು. ಅದರಂತೆ ಪೌರಾಧ್ಯಕ್ಷರಿಗೆ ನೆಲಮಟ್ಟದಿಂದ, ಅಂದರೆ ಶಿಲ್ಪದ ಹಿನ್ನೆಲೆಯ ಸಪಾಟು ಕಲ್ಲಿನಿಂದ, ಮೂರು ಬೆರಳು, ಗುರುಗಳಿಗೆ ಎರಡೂವರೆ. ಯಾವ ಹುದ್ದೆಯೂ ಇಲ್ಲದವರಿಗೆ, ಅಂದರೆ ತಾಯಂದಿರಿಗೆ ಹಾಗೂ ಮಕ್ಕಳಿಗೆ, ಅರ್ಧ ಬೆರಳು. ಯೇಸುಸ್ವಾಮಿಯ ವಿಷಯದಲ್ಲಿ ಎರಡು ಗಂಟೆ ಚರ್ಚೆಯಾಯಿತು. ಅವರು ಊರಿನ ಕಾಯಂ ನಿವಾಸಿಯಲ್ಲ, ಪೌರಸಭೆಯಲ್ಲಿ ಅವರಿಗೆ ಹುದ್ದೆಯೂ ಇಲ್ಲ. ಕೊನೆಗೆ ಅವರನ್ನು ಗೌರವಾನ್ವಿತ ಅತಿಥಿಗಳೆಂದು ಪರಿಗಣಿಸಿ ಎರಡು ಬೆರಳು ಮಂಜೂರು ಮಾಡಲಾಯಿತು. ದೋನ್ ಕಲಿಸ್ತೊ ಇದಕ್ಕೆ ತೀವ್ರ ಆಕ್ಷೇಪ ಎತ್ತಿದರು. ತಮ್ಮನ್ನೇ ಪೌರಾಧ್ಯಕ್ಷರಿಗೆ ಸಮನಾಗಿ ಮೂರು ಬೆರಳಿಗೆ ಏರಿಸಿದ ಮೇಲೆ ಆಕ್ಷೇಪ ಹಿಂತೆಗೆದುಕೊಂಡರು.

ಇಳಿಸುವ ಮುನ್ನ ಸಂಬಂಧಪಟ್ಟವರಿಂದ ಲಿಖಿತ ಒಪ್ಪಿಗೆ ಪಡೆಯಬೇಕೆಂದು ನಿಯಮದಲ್ಲಿ ಸ್ಪಷ್ಟವಾಗಿತ್ತು. ಅತಿಥಿಗಳು ಮೌನವಾಗಿದ್ದುದನ್ನು ಒಪ್ಪಿಗೆಯೆಂದು ಭಾವಿಸಲಾಯಿತು. ಮಕ್ಕಳು ಅಪ್ರಾಪ್ತರಾದ್ದರಿಂದ ಕೇಳುವ ಪ್ರಶ್ನೆ ಬರಲಿಲ್ಲ.

ಅಮಿಲ್ಕಾರೆ ಇಳಿಸಿದ. ಎರ್ಸಿಲಿಯಾಳನ್ನು ಮತ್ತೆ ಕೆತ್ತಿದ, ಅರ್ಧ ಬೆರಳಿನಲ್ಲಿ. ಬೇರೆ ಯಾರ ಕೈಯಲ್ಲೂ ಆಗದ ಕೆಲಸ ಅದು. ಮೊಟ್ಟೆಯ ಸಿಪ್ಪೆಯಷ್ಟು ಉಬ್ಬಿನಲ್ಲಿ ಅವನು ಕೆನ್ನೆ ತಂದ, ಕಣ್ಣು ತಂದ. ಅಷ್ಟರಲ್ಲಿ ರಾಜಧಾನಿಯ ಕಲಾಮಂಡಳಿಯಿಂದ ಸುತ್ತೋಲೆ ಬಂತು: ಪವಿತ್ರ ಶಿಲ್ಪಗಳಲ್ಲಿ ಎಲ್ಲರ ಮೂಗೂ ಪ್ರಾಚೀನ ಗ್ರೀಕರಂತೆ ನೇರವಾಗಿರಬೇಕು, ಯಾವ ಮುಖದಲ್ಲೂ ಭಾವನೆ ಎದ್ದುಕಾಣಬಾರದು. ಪೌರಾಧ್ಯಕ್ಷರ ಆಲೂಗಡ್ಡೆ ಮೂಗು ನೇರವಾಯಿತು. ಗುರುಗಳ ಗಿಣಿಮೂಗೂ ನೇರವಾಯಿತು. ಈಗ ಯಾರು ಯಾರೆಂದು ಅವರ ಮನೆಯವರಿಗೇ ತಿಳಿಯದೆ, ಕಾಲಿನ ಕೆಳಗೆ ಇಬ್ಬರ ಹೆಸರನ್ನೂ ಕೆತ್ತಿಸಬೇಕಾಯಿತು. ಎರ್ಸಿಲಿಯಾಳ ಮೂಗು ಅರ್ಧ ಬೆರಳಿನಲ್ಲಿ ಯಾವ ಕಡೆ ತಿರುಗಿದೆಯೆಂದು ಕಲಾಮಂಡಳಿಯ ಪರಿವೀಕ್ಷಕರಿಗೆ ಗೊತ್ತಾಗಲಿಲ್ಲ. ಅಮಿಲ್ಕಾರೆಗೆ ಗೊತ್ತಿತ್ತು.

ಆದರೆ ಒಂದೇ ಊರಲ್ಲಿ ಇಬ್ಬರು ಮೂರು ಬೆರಳಿನವರು ಇರುವುದು ಆಡಳಿತಕ್ಕೆ ಒಳ್ಳೆಯದಲ್ಲ. ಪೌರಾಧ್ಯಕ್ಷರು ಗುರುಗಳನ್ನು ಅರ್ಧ ಬೆರಳು ಇಳಿಸಲು ಆದೇಶಿಸಿದರು. ಗುರುಗಳು ಬಿಷಪ್ಪರಿಂದ ಪತ್ರ ತಂದು, ತಮಗೆ ಮೂರು ಬೆರಳು ಕಾಯಂ ಎಂದು ತೋರಿಸಿದರು. ಕಡಿದ ಗುರುಗಳನ್ನು ಮತ್ತೆ ಮೂರು ಬೆರಳು ಮಾಡಬೇಕಾದರೆ ನೆಲಮಟ್ಟವನ್ನೇ ಅರ್ಧ ಬೆರಳು ಇಳಿಸಬೇಕು. ಆಗ ಪೌರಾಧ್ಯಕ್ಷರು ಮೂರೂವರೆ ಆದರು. ಅದು ನಿಯಮಬಾಹಿರವಾದ್ದರಿಂದ ಗುರುಗಳು ಅವರನ್ನು ಕಡಿಸಿದರು. ಅವರು ಮತ್ತೆ ಗುರುಗಳನ್ನು ಕಡಿಸಿದರು. ಎರಡು ವರ್ಷ ಹೀಗೆ ನಡೆಯಿತು. ಇಬ್ಬರೂ ಸದಾ ಮೂರು ಬೆರಳಿನಲ್ಲೇ ಇದ್ದರು, ಚಪ್ಪಡಿ ಮಾತ್ರ ಸಣ್ಣಗಾಗುತ್ತ ಬಂತು.

ಪ್ರತಿ ಸಲ ನೆಲಮಟ್ಟ ಇಳಿದಾಗಲೂ ಅಮಿಲ್ಕಾರೆ ಮಗಳ ಮುಖವನ್ನು ಅಳಿಸಿ, ಅರ್ಧ ಬೆರಳು ಹಿಂದಕ್ಕೆ ಹೊಸದಾಗಿ ಕೆತ್ತಬೇಕಾಗಿತ್ತು.

"ಇವತ್ತೂ ಅಳಿಸಿದ್ರಾ?" ಎಂದು ಆರ್ಜಿಯಾ ಬಾಗಿಲಲ್ಲೇ ಕೇಳುತ್ತಿದ್ದಳು.

"ಮತ್ತೆ ಕೆತ್ತಿದೆ."

"ರೋಗ ಒಂದೇ ಸಲ ತಗೊಂಡು ಹೋಯ್ತು. ನೀವು ಎಷ್ಟು ಸಲ?"

ಅಮಿಲ್ಕಾರೆ ಕೈ ತೊಳೆದು ಊಟಕ್ಕೆ ಕೂರುತ್ತಿದ್ದ. ಕೆಲಸ ಬಿಟ್ಟರೆ ಬೇರೆ ಯಾರಾದರೂ ಬಂದು ಮುಗಿಸುತ್ತಾರೆ, ಅವರಿಗೆ ಆ ಮೂಗು ಗೊತ್ತಿಲ್ಲ. ಅದಕ್ಕೇ ಬಿಡಲಿಲ್ಲ.

ಹನ್ನೊಂದನೇ ಸಲ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಅವಳ ಎಡಗಣ್ಣಿನ ರೆಪ್ಪೆ ಬಿಡಿಸುತ್ತಿದ್ದಾಗ ಉಳಿ ಕಲ್ಲನ್ನು ತೂರಿ ಆ ಕಡೆಗೆ ಹೋಯಿತು. ಮುಖವಿದ್ದ ಜಾಗ ಒಡೆದು ಹಿಂದಕ್ಕೆ ಬಿತ್ತು. ಅಮಿಲ್ಕಾರೆ ಸುತ್ತಿಗೆ ಕೆಳಗಿಟ್ಟು ನೆಲದ ಮೇಲೆ ಕೂತು ಅತ್ತ. ಗುಂಡಿಗೆ ಹಾಕಿದ ದಿನ ಅವನು ಅತ್ತಿರಲಿಲ್ಲ.

ನಿಕೊಡೆಮೊ ಬಂದು ಸ್ಥಳ ಪರಿಶೀಲಿಸಿದ. ಮಗು ಒಡೆದಿದೆ ಎಂದು ಬರೆದರೆ ಯಾರು ಒಡೆಸಿದ್ದು ಎಂದು ಬರೆಯಬೇಕಾಗುತ್ತಿತ್ತು. ಅವನು ಬಹಳ ಯೋಚಿಸಿ ಹೀಗೆ ಬರೆದ: "ಸದರಿ ಮಗುವು ಸ್ವಾಮಿಯಿಂದ ಆಶೀರ್ವಾದ ಪಡೆದುಕೊಂಡು ತನ್ನ ಮನೆಗೆ ಹಿಂತಿರುಗಿರುತ್ತದೆ." ಪೌರಸಭೆ ಇದನ್ನು ಸಂತೋಷದಿಂದ ಒಪ್ಪಿಕೊಂಡಿತು. ಇನ್ನು ಇಳಿಸಲು ಕಲ್ಲು ಉಳಿಯದಿದ್ದ ಕಾರಣ ಪೌರಾಧ್ಯಕ್ಷರಿಗೂ ಗುರುಗಳಿಗೂ ರಾಜಿಯಾಯಿತು.

ಶಿಲ್ಪವನ್ನು ಮರದ ಚೌಕಟ್ಟಿನಲ್ಲಿ ಬಲಿಪೀಠದ ಹಿಂದೆ ನಿಲ್ಲಿಸಿದರು. ಗೋಡೆಗೂ ಅದಕ್ಕೂ ನಡುವೆ ಪೊರಕೆ ಇಡುವಷ್ಟು ಸಂದಿ ಉಳಿಯಿತು. ಅನಾವರಣಕ್ಕೆ ಬಿಷಪ್ಪರೇ ಬಂದರು. ಅವರಿಗೆ ವಯಸ್ಸಾಗಿತ್ತು, ದೃಷ್ಟಿ ಮಂದ. ಅವರ ಉಪದೇಶ ಎರಡನೇ ಗಂಟೆಗೆ ಕಾಲಿಟ್ಟಾಗ ಗಣಿ ಕೆಲಸದವನ ಮಗಳು ಜೆಲಿಂದಾ ಬೇಸರ ತಾಳದೆ ಆ ಸಂದಿಗೆ ನುಸುಳಿದಳು. ಮುಖ ಒಡೆದಿದ್ದ ತೂತಿಗೆ ತನ್ನ ಮುಖ ಇಟ್ಟು, ಮುಂದೆ ಇಳಿಬಿಟ್ಟಿದ್ದ ತೆಳು ಪರದೆಯ ಮೂಲಕ ಜನರನ್ನು ನೋಡುತ್ತ ನಿಂತಳು. ಸ್ವಾಮಿಯ ಕೈ ಸರಿಯಾಗಿ ಅವಳ ತಲೆಯ ಮೇಲೆ ಬಂತು.

ಪರದೆ ಸರಿಯಿತು. ಬಿಷಪ್ಪರು ಹತ್ತಿರ ಹೋಗಿ ಕಣ್ಣು ಕಿರಿದುಮಾಡಿ ನೋಡಿದರು.

"ಉಳಿದವರೆಲ್ಲ ಸ್ವಲ್ಪ ಸಪ್ಪೆ," ಎಂದರು. "ಆದರೆ ಈ ಮಗು! ಉಸಿರಾಡೋ ಹಾಗಿದೆ."

"ಅರ್ಧ ಬೆರಳು, ಪ್ರಭುಗಳೇ. ನಿಯಮದ ಪ್ರಕಾರ," ಎಂದರು ಪೌರಾಧ್ಯಕ್ಷರು. ಜೆಲಿಂದಾ ಸೀನಿದಳು. "ಒಳ್ಳೆ ಕಲ್ಲು," ಎಂದೂ ಸೇರಿಸಿದರು.

ಬಿಷಪ್ಪರು ಈ ಮಗುವಿನ ಬಗ್ಗೆ ಎಲ್ಲ ಕಡೆ ಹೊಗಳಿ ಬರೆದರು. ದೂರದೂರದಿಂದ ಜನ ನೋಡಲು ಬರತೊಡಗಿದರು. ಆದ್ದರಿಂದ ಪ್ರತಿ ಭಾನುವಾರ ಪೂಜೆಯ ಹೊತ್ತಿಗೆ ತೂತಿನಲ್ಲಿ ಒಂದು ಮಗು ಇರುವುದು ಕಡ್ಡಾಯವಾಯಿತು. ಊರಿನ ಜನಗಣತಿ ಪುಸ್ತಕದಿಂದ ಎಂಟು ವರ್ಷದೊಳಗಿನವರನ್ನು ಅಕ್ಷರಾನುಕ್ರಮದಲ್ಲಿ ಕರೆಯುವುದು, ಮುಖ ಅರ್ಧ ಬೆರಳಿಗಿಂತ ಮುಂದೆ ಬರದಂತೆ ಅಳೆದು ದಾಖಲಿಸುವುದು, ಗೈರುಹಾಜರಾದರೆ ತಂದೆಯನ್ನು ಮೂರು ದಿನ ಸೆರೆಯಲ್ಲಿಡುವುದು. ಪುಸ್ತಕದಲ್ಲಿ ವಯಸ್ಸನ್ನು ಹತ್ತು ವರ್ಷಕ್ಕೊಮ್ಮೆ ಮಾತ್ರ ತಿದ್ದುತ್ತಿದ್ದರು. ಅಗೊಸ್ತೀನಿಯ ಮಗ ಮೂಗು ಕೆರೆದುಕೊಂಡ. ಅಂಜೊಲೀನಿಯ ಮಗಳು ಅತ್ತಳು. ಬಾಲ್ದಿಯ ಮಗ ಗುರುಗಳಿಗೆ ನಾಲಿಗೆ ತೋರಿಸಿದ.

ನಾಲ್ಕನೇ ಭಾನುವಾರ ನಿಕೊಡೆಮೊ ಪುಸ್ತಕ ನೋಡಿ ಕೂಗಿದ: "ಬಂದೆಲ್ಲೋನಿ, ಎರ್ಸಿಲಿಯಾ."

ಕೂಗಿದ ಮೇಲೆ ಅವನಿಗೆ ಅರ್ಥವಾಯಿತು. ಅಮಿಲ್ಕಾರೆ ತನ್ನ ಕೈಗಳನ್ನು ನೋಡಿಕೊಂಡ.

"ಯಾಕೆ ನಿಂತ್ರಿ?" ಎಂದರು ಪೌರಾಧ್ಯಕ್ಷರು. "ಮಗು ಬಂದಿದೆಯೋ ಇಲ್ವೋ?"

ಆರ್ಜಿಯಾ ಎದ್ದು ನಿಂತಳು. "ಬಂದಿದಾಳೆ ಸ್ವಾಮಿ. ನಿಮ್ಮ ಪುಸ್ತಕದಲ್ಲಿ ಎಲ್ಲಿದಾಳೋ ಅಲ್ಲೇ ನಿಂತಿದಾಳೆ. ಅಳತೆ ಮಾಡ್ಕೊಳ್ಳಿ."

ನಿಕೊಡೆಮೊ ಅಳತೆಗೋಲು ಹಿಡಿದು ತೂತಿನ ಬಳಿ ಹೋದ. ಗೋಲು ಖಾಲಿಯೊಳಗೆ ಹೋಯಿತು. ಗೈರುಹಾಜರು ಎಂದು ಬರೆದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಹದಿನಾಲ್ಕನೇ ತಾರೀಖಿನ ನಿರ್ಣಯ ಸುಳ್ಳಾಗುತ್ತದೆ. ಅವನು ಪೌರಾಧ್ಯಕ್ಷರ ಮುಖ ನೋಡಿದ. ಪೌರಾಧ್ಯಕ್ಷರು ದೋನ್ ಕಲಿಸ್ತೊ ಅವರ ಮುಖ ನೋಡಿದರು. ಇಬ್ಬರೂ ಮೊದಲ ಸಲ ಒಂದೇ ವಿಷಯಕ್ಕೆ ತಲೆಯಾಡಿಸಿದರು. ನಿಕೊಡೆಮೊ ಬರೆದ: "ಹಾಜರು. ಉಬ್ಬು: ಇಲ್ಲ. ನಡತೆ: ತೃಪ್ತಿಕರ."

ಪೂಜೆ ಸಾಂಗವಾಗಿ ನಡೆಯಿತು. ಪರವೂರಿನಿಂದ ಬಂದಿದ್ದ ಹೆಂಗಸರು ಆ ಖಾಲಿ ಜಾಗದ ಮುಂದೆ ಮೊಣಕಾಲೂರಿದರು. ಇಷ್ಟು ಸಮಾಧಾನದ ಮಗುವನ್ನು ಎಲ್ಲೂ ಕಂಡಿಲ್ಲವೆಂದರು. ಇದುವರೆಗಿನ ನಾಲ್ವರಲ್ಲಿ ಮೂಗು ಕೆರೆದುಕೊಳ್ಳದೆ, ಅಳದೆ, ನಾಲಿಗೆ ತೋರಿಸದೆ ನಿಂತವಳು ಇವಳೊಬ್ಬಳೇ ಎಂಬುದನ್ನು ಪೌರಸಭೆ ಮೆಚ್ಚಿಕೊಂಡು, ಮರುದಿನವೇ ಸದರಿ ಬಾಲಕಿಯನ್ನು ಆ ಸ್ಥಾನಕ್ಕೆ ಕಾಯಂ ಆಗಿ ನೇಮಿಸಿತು.

ಅಂದಿನಿಂದ ಅವಳು ಒಂದು ಭಾನುವಾರವೂ ತಪ್ಪಿಸಿಲ್ಲ. ಪೂಜೆ ಮುಗಿದ ಮೇಲೆ ನೆರೆಹೊರೆಯವರು ಮೆಟ್ಟಿಲ ಮೇಲೆ ಆರ್ಜಿಯಾಳನ್ನು ನಿಲ್ಲಿಸಿ ಮಾತಾಡಿಸುತ್ತಾರೆ.

"ಎಷ್ಟು ಚೆನ್ನಾಗಿ ನಿಂತಿದ್ಲಮ್ಮ ಇವತ್ತು ನಿಮ್ಮ ಹುಡುಗಿ. ಅಲ್ಲಾಡ್ಲೇ ಇಲ್ಲ."

"ಮನೇಲಿ ಮಾತ್ರ ಒಂದು ಗಳಿಗೆ ಕೂತವಳಲ್ಲ," ಎನ್ನುತ್ತಾಳೆ ಆರ್ಜಿಯಾ.