ನೋಡಿದರೆ ಹಾಗೆ ಕಾಣುವುದಿಲ್ಲ

ನನಗೆ ಆಟಿಸಂ ಇದೆ ಎಂದ ಕೂಡಲೇ ಎದುರಿನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾರೆ, ಹೊಸ ಸೀರೆಯಲ್ಲಿ ಹರಿದ ಜಾಗ ಹುಡುಕುವವರ ಹಾಗೆ. ಸಿಗದಿದ್ದರೆ ಅವರಿಗೆ ಬೇಸರ. ಮೂವತ್ತೆಂಟನೇ ವಯಸ್ಸಿನಲ್ಲಿ ಮಂಗಳೂರಿನ ಡಾಕ್ಟರೊಬ್ಬರು ನನ್ನ ಸ್ವಭಾವಕ್ಕೆ ಈ ಹೆಸರು ಕೊಟ್ಟ ಮೇಲೆ ಇಂಥದ್ದು ಆಗುತ್ತಲೇ ಇದೆ.

ಮಾಸ್ತರರ ತೀರ್ಪು

ಕುಮಟಾದ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಅಂಗಡಿ ಹೆದ್ದಾರಿಯ ಮೇಲೇ ಇದೆ. ಹಾರ್ನಿನ ಸದ್ದು ತಡೆಯದೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ. ನಿವೃತ್ತ ಹೆಡ್‌ಮಾಸ್ತರೊಬ್ಬರು, "ಕಿವಿಗೆ ಎಂತ ಆಯ್ತು?" ಎಂದು ಕೇಳಿದರು. ಇದ್ದದ್ದು ಹೇಳಿದೆ.

"ಸಾಧ್ಯವೇ ಇಲ್ಲ. ಜನ್ಮವಿಡೀ ಮಕ್ಕಳ ಮುಖ ಓದಿದವ ನಾನು. ನಿಮ್ಮ ಮುಖದಲ್ಲಿ ಅಂಥದ್ದು ಎಂತದೂ ಕಾಣೂದಿಲ್ಲ."

"ಸರ್, ನಿಮಗೆ ಬೋರ್ಡಿನ ಎರಡನೇ ಸಾಲೂ ಕಾಣಲಿಲ್ಲ" ಎಂದೆ. ತಮಾಷೆಗಲ್ಲ, ಮಾಹಿತಿಗಾಗಿ.

ಮಾಲೀಕರಿಗೆ ದೂರು ಹೋಗುತ್ತದೆ ಎಂದುಕೊಂಡು, ಪರೀಕ್ಷೆಯ ಫ್ರೇಮಿಗೆ ಗಾಜು ಹಾಕಿ ಮಾಸ್ತರರ ಮೂಗಿನ ಮೇಲೆ ಕೂರಿಸಿದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, "ಹೌದು ಮಾರಾಯ್ತಿ, ಈಗ ಸ್ವಲ್ಪ ಕಾಣ್ತದೆ" ಎಂದರು.

ಮನೆಯಲ್ಲಿ

ಮನೆಯಲ್ಲಿ ಹೇಳಲು ಮಾತ್ರ ಮೂರು ತಿಂಗಳು ಬೇಕಾಯಿತು. ನಮ್ಮ ಊರು ಮಾವಿನಕುರ್ವೆ. ಅಮ್ಮ ಹೊನ್ನಾವರ ಪೇಟೆಯಲ್ಲಿ ಮೀನು ಮಾರುತ್ತಾಳೆ. ಅವಳು ಅತ್ತುಬಿಟ್ಟರೆ ಎಂಬ ಹೆದರಿಕೆ ನನಗೆ. ಕೊನೆಗೊಂದು ಭಾನುವಾರ ಜಗಲಿಯಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದೆ. ನನಗೆ ಗದ್ದಲ ಆಗಿಬರುವುದಿಲ್ಲ. ಊಟದ ಹೊತ್ತು ತಪ್ಪಿದರೆ ಇಡೀ ದಿನ ಕೆಡುತ್ತದೆ. ಒಂದು ಕೆಲಸ ಹಿಡಿದರೆ ಪಕ್ಕದಲ್ಲಿ ಯಾರಿದ್ದಾರೆ ಎಂಬುದೂ ಗೊತ್ತಾಗುವುದಿಲ್ಲ.

ಅಮ್ಮ ಅಳಲಿಲ್ಲ. "ಇಷ್ಟೇನಾ? ಇದು ಕಾಯಿಲೆ ಅಂತಾದ್ರೆ ಮದುವೆಯಾದಾಗಿಂದ ನಾನು ಇದರ ಸಂಗಡವೇ ಸಂಸಾರ ಮಾಡ್ತಾ ಇದ್ದೇನೆ" ಎಂದು ಅಪ್ಪನತ್ತ ಕೈ ಮಾಡಿದಳು.

"ಕಾಯಿಲೆ ಅಲ್ಲ ಅಮ್ಮ, ಹುಟ್ಟಿದ್ದೇ ಹೀಗೆ."

"ಅವರೂ ಹುಟ್ಟಿದ್ದೇ ಹೀಗೆ."

ಅಪ್ಪ ಮೂಲೆಯಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ಮಗಳ ಬದುಕಿನ ಇಷ್ಟು ದೊಡ್ಡ ಸುದ್ದಿಗೆ ಏನಾದರೂ ಹೇಳಿಯಾರೆಂದು ಕಾದೆ. ಅಪ್ಪ ತಲೆಯೆತ್ತದೆ, "ಇನ್ನೂರ ಹದಿನಾಲ್ಕನೇ ಗಂಟಿನಲ್ಲಿದ್ದೆ. ನಿಮ್ಮ ಮಾತಿನಲ್ಲಿ ಲೆಕ್ಕ ತಪ್ಪಿಹೋಯ್ತು" ಎಂದು ಹೇಳಿ, ಬಲೆಯ ಆ ತುದಿಯಿಂದ ಶುರುಮಾಡಿದರು, "ಒಂದು, ಎರಡು..."

ಪೇಷಂಟ್ ಎಲ್ಲಿ?

ಅಂಗವೈಕಲ್ಯದ ಪ್ರಮಾಣಪತ್ರಕ್ಕೆಂದು ಒಂದು ಕಚೇರಿಗೆ ಹೋಗಿದ್ದೆ. ಗುಮಾಸ್ತರು ಅರ್ಜಿ ನೋಡಿ, "ಪೇಷಂಟ್ ಎಲ್ಲಿ?" ಎಂದರು.

"ಬಂದಿದ್ದೇನೆ."

ಅವರು ನನ್ನ ಹಿಂದಿನ ಬೆಂಚು ನೋಡಿದರು. ಅಲ್ಲಿ ಒಬ್ಬ ಮುದುಕರು ಕೊಡೆ ಹಿಡಿದು ತೂಕಡಿಸುತ್ತಿದ್ದರು. "ಅವರಾ?"

"ಅವರು ಯಾರೋ ನಂಗೆ ಗೊತ್ತಿಲ್ಲ. ನಾನು."

"ನೀವಾ! ಇಷ್ಟು ಚಂದ ಮಾತಾಡ್ತೀರಿ. ಇದೆಲ್ಲ ಹಾಗೆ ಸಿಗೂದಿಲ್ಲ" ಎಂದು ಅರ್ಜಿಯನ್ನು ವಾಪಸು ತಳ್ಳಿದರು.

ಎರಡು ಬಸ್ಸು ಬದಲಿಸಿ ಬಂದಿದ್ದೆ. ಅಳು ಬರುವಂತಿತ್ತು. ಆದರೆ ಹೇಳುವುದನ್ನು ಹೇಳದೆ ಹೊರಡುವುದು ನನ್ನಿಂದ ಆಗದು. "ಆತು. ಆದ್ರೆ ನಿಮ್ಮ ಫಾರ್ಮಿನಲ್ಲಿ ಏಳನೇ ಪ್ರಶ್ನೆ, ಹದಿನೇಳನೇ ಪ್ರಶ್ನೆ ಎರಡೂ ಒಂದೇ. ಹತ್ತಾದ ಮೇಲೆ ಹನ್ನೆರಡು ಬರ್ತದೆ, ಹನ್ನೊಂದು ಇಲ್ಲ. ಆ ಕ್ಯಾಲೆಂಡರ್ ಹೋದ ತಿಂಗಳದ್ದು. ಈ ಫ್ಯಾನು ನಾಲ್ಕು ಸುತ್ತಿಗೊಮ್ಮೆ ಟಕ್ ಅಂತದೆ, ಮೂರು ಸುತ್ತಿಗಲ್ಲ."

ಗುಮಾಸ್ತರು ಫಾರ್ಮು ನೋಡಿದರು, ಕ್ಯಾಲೆಂಡರ್ ನೋಡಿದರು, ತಲೆಯೆತ್ತಿ ಫ್ಯಾನಿನ ಸದ್ದು ಕೇಳಿದರು. ಆಮೇಲೆ ಒಳಗಿನ ಕೋಣೆಯಲ್ಲಿದ್ದ ಡಾಕ್ಟರಿಗೆ ಕೂಗಿ ಹೇಳಿದರು: "ಸರ್, ಇವರನ್ನು ಈಗಲೇ ಕಳಿಸ್ತೇನೆ. ಸಂಶಯವೇ ಇಲ್ಲ!"

ಭಟ್ಕಳದ ತಜ್ಞೆ

ಎದುರಿನವರ ಕಣ್ಣು ನೋಡಿ ಮಾತಾಡುವುದೆಂದರೆ ನನಗೆ ಬಿಸಿ ಬಾಣಲೆ ಮುಟ್ಟಿದ ಹಾಗೆ. ಕಾಲೇಜಿನಲ್ಲಿರುವಾಗಲೇ ಒಂದು ಉಪಾಯ ಕಂಡುಕೊಂಡೆ: ಹುಬ್ಬು ನೋಡುವುದು. ಎಲ್ಲರೂ ನಾನು ಕಣ್ಣನ್ನೇ ನೋಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಒಬ್ಬರೂ ಹಿಡಿದಿರಲಿಲ್ಲ.

ಭಟ್ಕಳದಲ್ಲಿ ಕಣ್ಣಿನ ಶಿಬಿರವಿತ್ತು. ಒಬ್ಬ ತಾಯಿ ಏಳು ವರ್ಷದ ಮಗಳನ್ನು ಕರೆತಂದಿದ್ದರು. ಕೂರುವ ಮೊದಲೇ, "ಮೇಡಂ, ಇವಳಿಗೆ ಆಟಿಸಂ. ಮುಖ ಕೊಟ್ಟು ಮಾತಾಡೂದಿಲ್ಲ, ಬೇಜಾರು ಮಾಡ್ಕೋಬೇಡಿ" ಎಂದರು. ಪಾಪ, ಎಷ್ಟು ಕಡೆ ಹೀಗೆ ಕ್ಷಮೆ ಕೇಳಿದ್ದರೋ. ಆಮೇಲೆ ಮಗಳಿಗೆ, "ಮೇಡಂ ನೋಡು, ಎಷ್ಟು ಚಂದ ಕಣ್ಣು ನೋಡಿ ಮಾತಾಡ್ತಾರೆ. ನೀನೂ ಹಾಗೆ ಮಾಡ್ಬೇಕು" ಎಂದರು.

ಹುಡುಗಿ ನನ್ನನ್ನು ಒಮ್ಮೆ ನೋಡಿ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿದಳು. ತಾಯಿ ಕೆಂಪಾದರು. "ಎಂತ ಇಲ್ಲ ಮೇಡಂ, ಸುಮ್ಮನೆ ಏನೋ..."

ನವಾಯತಿಯೂ ನಮ್ಮ ಮನೆಯ ಕೊಂಕಣಿಯೂ ಹತ್ತಿರದ ನೆಂಟರು ಎಂದು ಅವರಿಗೆ ಹೊಳೆದಿರಲಿಲ್ಲ. ಹುಡುಗಿ ಹೇಳಿದ್ದು ನನಗೆ ಪೂರ್ತಿ ತಿಳಿದಿತ್ತು: "ಸುಳ್ಳು. ಅವರು ನಿನ್ನ ಹುಬ್ಬು ನೋಡ್ತಿದ್ದಾರೆ. ಅವರೂ ನನ್ನ ಹಾಗೆಯೇ."

"ಅವಳು ಹೇಳಿದ್ದು ಸರಿ. ನಾನೂ ಅವಳ ಹಾಗೆಯೇ" ಎಂದೆ. ತಾಯಿ ತಮ್ಮ ಹುಬ್ಬು ಮುಟ್ಟಿ ನೋಡಿಕೊಂಡರು. ಆಮೇಲೆ ಅವರಿಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡರು.

ಹುಡುಗಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಗುಟ್ಟು ಹೇಳುವವಳ ಹಾಗೆ ಬಾಗಿ ನವಾಯತಿಯಲ್ಲೇ ಹೇಳಿದಳು:

"ಹುಬ್ಬು ಬೇಡ, ಅದು ಅಲ್ಲಾಡ್ತದೆ. ಮೂಗು ನೋಡಿ."