ಮಾವನ ಜೇಬಿನ ನಿಂಬೆಹಣ್ಣು

ನನ್ನ ಸೋದರಮಾವ ದೇವರನ್ನಾದರೂ ನಂಬಿಯಾರು, ನಾಲಿಗೆಯನ್ನು ಮಾತ್ರ ನಂಬುವವರಲ್ಲ! ಹುಳಿಯನ್ನು ಹುಳಿ ಎನ್ನಲೂ ಅವರಿಗೆ ಲಿಟ್ಮಸ್ ಕಾಗದವೇ ಬೇಕು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಕೆಲಸದಿಂದ ನಿವೃತ್ತರಾದರು, ಪಾಠದಿಂದ ಆಗಲಿಲ್ಲ. ಬೇರೆಯವರು ಜೇಬಿನಲ್ಲಿ ಕನ್ನಡಕ, ಪೆನ್ನು ಇಟ್ಟುಕೊಂಡರೆ ಇವರ ಜೇಬಿನಲ್ಲಿ ಲಿಟ್ಮಸ್ ಪಟ್ಟಿ, ಜೊತೆಗೆ ಪುಟ್ಟ ಡಬ್ಬಿಯಲ್ಲಿ ಅರ್ಧ ನಿಂಬೆಹಣ್ಣು. ಅರ್ಧವೇ ಯಾಕೆ ಅಂತೀರಾ? ಇನ್ನರ್ಧ ಆಗಲೇ ಯಾರಿಗೋ ಪಾಠ ಹೇಳಿ ಮುಗಿದಿರುತ್ತದೆ.

ಒಮ್ಮೆ ನನ್ನ ಜೊತೆ ಜಯನಗರದ ದರ್ಶಿನಿಯೊಂದಕ್ಕೆ ಬಂದವರು ಚಟ್ನಿಗೆ ನೀಲಿ ಪಟ್ಟಿ ಅದ್ದಿದರು. ಕೆಂಪಾಯಿತು.

"ನೋಡಿದ್ಯೇನೇ, ಆಸಿಡ್ಡು!"

ಕೊನೇ ಬೆಂಚಿಗೂ ಕೇಳಬೇಕಲ್ಲ, ಹಾಗೆ ಕೂಗಿದರು. ಪಕ್ಕದಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದವರೆಲ್ಲ ತಟ್ಟೆ ಕೆಳಗಿಟ್ಟರು! ಕ್ಯಾಷಿಯರ್ ಓಡಿಬಂದು, "ಫುಡ್ ಇನ್‌ಸ್ಪೆಕ್ಟರಾ ಸಾರ್? ಮೊದ್ಲೇ ಹೇಳೋದಲ್ವಾ!" ಅಂತ ಬಿಸಿಬಿಸಿ ಕಾಫಿ ತಂದಿಟ್ಟ. ಮಾವ ಅದಕ್ಕೂ ಪಟ್ಟಿ ಅದ್ದಿದರು.

ಮನೆಯಲ್ಲಿ ಅತ್ತೆಯ ಪಾಡು ಕೇಳಬೇಡಿ.

"ಸಾರಲ್ಲಿ ಇವತ್ತು ಆಮ್ಲ ಸ್ವಲ್ಪ ಜಾಸ್ತಿ ಕಣೇ."

"ಹುಣಸೆಹಣ್ಣು ಅನ್ನೋಕೇನ್ರೀ ರೋಗ ನಿಮಗೆ?"

ಇದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಬನಶಂಕರಿಯ ಛತ್ರದಲ್ಲಿ ನನ್ನ ತಮ್ಮನ ಮದುವೆಯಾಯಿತಲ್ಲ, ಅವತ್ತು ಹದ್ದು ಮೀರಿತು. ಹೆಣ್ಣುಗಂಡಿಗೆ ದೃಷ್ಟಿ ತೆಗೆಯಲು ಅತ್ತೆ ಅರಿಶಿನಕ್ಕೆ ಸುಣ್ಣ ಬೆರೆಸಿ, ಕೆಂಪು ನೀರಿನ ಆರತಿ ತಟ್ಟೆ ಹಿಡಿದು ನಿಂತಿದ್ದರು. ಮಾವ ಮಕ್ಕಳನ್ನೆಲ್ಲ ಕರೆದರು. "ಇದ್ರಲ್ಲಿ ದೃಷ್ಟಿನೂ ಇಲ್ಲ, ಗಿಷ್ಟಿನೂ ಇಲ್ಲ. ಸುಣ್ಣ ಪ್ರತ್ಯಾಮ್ಲ, ಅದಕ್ಕೇ ಅರಿಶಿನ ಕೆಂಪಾಗಿದೆ. ಆಮ್ಲ ಬಿತ್ತೋ, ಮತ್ತೆ ಹಳದಿ!" ಎನ್ನುತ್ತ ತಟ್ಟೆಗೆ ನಿಂಬೆಹಣ್ಣು ಹಿಂಡಿಯೇ ಬಿಟ್ಟರು. ನೀರು ಹಳದಿ, ಬೀಗಿತ್ತಿಯ ಮುಖ ಕೆಂಪು! ಅತ್ತೆ ಎಷ್ಟೋ ದಿನ ಮಾವನೊಡನೆ ಮಾತು ಬಿಟ್ಟಿದ್ದರು.

ಕಳೆದ ಬೇಸಿಗೆಯಲ್ಲಿ ಅತ್ತೆಗೆ ಹೃದಯದ ಆಪರೇಷನ್ ಆಯಿತು. ಉಳಿಯುತ್ತಾರೆಂದು ಡಾಕ್ಟರೂ ಧೈರ್ಯವಾಗಿ ಹೇಳಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಿಂದ ನಾನು ತಂದುಕೊಟ್ಟ ಸಾರನ್ನು ಮಾವ ಪಟ್ಟಿ ಅದ್ದದೆ ಸುಮ್ಮನೆ ಕುಡಿದುಬಿಟ್ಟರು. ನನಗೆ ನಿಜಕ್ಕೂ ಭಯವಾದದ್ದು ಆಗ.

ನಮ್ಮ ಪುಣ್ಯ, ಅತ್ತೆ ಉಳಿದರು. ನನ್ನ ತಮ್ಮ ಅತ್ತೆಯನ್ನು ಕಾರಿನಲ್ಲಿ ಕರೆತರುವ ದಿನ ನಾನು ಮೊದಲೇ ಜೆ.ಪಿ. ನಗರದ ಮಾವನ ಮನೆಗೆ ಹೋದೆ. ನೋಡಿದರೆ, ಮಾವ ಅಡುಗೆಮನೆಯಲ್ಲಿ ನಿಂತು ಅರಿಶಿನಕ್ಕೆ ಸುಣ್ಣ ಕಲಸುತ್ತಿದ್ದಾರೆ!

"ಆರತಿಗೆ ಇಬ್ರು ಹೆಂಗಸ್ರು ಬೇಕಲ್ಲ ಮಾವ? ನಾನೊಬ್ಳೇ ಇರೋದು."

"ಅದಕ್ಕೇನೀಗ? ನಾನಿಲ್ವಾ?"

"ನಿಂಬೆಹಣ್ಣು ತರ್ಲಾ?" ರೇಗಿಸಿದೆ.

"ಸುಮ್ನಿರೇ! ಯಾರ ದೃಷ್ಟಿ ತಾಗಿತ್ತೋ ಏನೋ ಅವಳಿಗೆ." ಮಾವ ತಟ್ಟೆಗೆ ಇನ್ನೊಂದು ಚಿಟಿಕೆ ಸುಣ್ಣ ಹಾಕಿದರು.

ನನ್ನ ತಮ್ಮನ ಕೈ ಹಿಡಿದು ಅತ್ತೆ ಹೊಸ್ತಿಲ ಹೊರಗೆ ನಿಂತರು. ತಟ್ಟೆಯ ಒಂದು ಬದಿ ನಾನು, ಇನ್ನೊಂದು ಬದಿ ಪಂಚೆ ಉಟ್ಟ ಮಾವ. ಅತ್ತೆ ತಟ್ಟೆಯೊಳಗೆ ಇಣುಕಿದರು.

"ಸುಣ್ಣ ಜಾಸ್ತಿ ಆಯ್ತು ಕಣ್ರೀ."

ಮಾವನ ಕೈ ಜೇಬಿನ ಕಡೆ ಹೋಗಲೇ ಇಲ್ಲ. ಆ ನೀರಿಗೆ ಬೆರಳು ಅದ್ದಿ ಅತ್ತೆಯ ಹಣೆಗೆ ಬೊಟ್ಟಿಟ್ಟರು.

"ಹೂಂ, ಜಾಸ್ತಿ ಆಯ್ತು. ಇರ್ಲಿ ಬಿಡೇ, ಕೆಂಪಾಗೇ ಇರ್ಲಿ."