ಬೇಕಂತ ಮಾಡಿದ್ದು ಯಾರು?

ಭಾದ್ರಪದದ ಬೆಳಗು. ಕಡರನಾಯಕನಹಳ್ಳಿಯಲ್ಲಿ ನಾಟಿ ಮುಗಿದು ತಿಂಗಳಾಗಿತ್ತು. ಹೆಂಗಸರು ಗದ್ದೆಗಿಳಿದು ಕಳೆ ಕೀಳುತ್ತಿದ್ದರು. ತಿಮ್ಮೇಶ್ ಬದುವಿನ ಮೇಲೆ ನಿಂತು ಬೇವಿನೆಣ್ಣೆ ತುಂಬಿದ ಡ್ರೋನ್ ಹಾರಿಸುತ್ತಿದ್ದ. ಪೈರಿನಲ್ಲಿ ಹಳದಿ ಕಂಡರೆ ರೋಗವೆಂದು ತಾನೇ ತಿಳಿದು ಸಿಂಪಡಿಸುವಷ್ಟು ಬುದ್ಧಿ ಆ ಮಿಷನ್ನಿಗಿತ್ತು.

ಬಕ್ಕೇಶಪ್ಪನವರು ಹಳದಿ ರುಮಾಲು ಸುತ್ತಿಕೊಂಡು ಪಕ್ಕದ ಗದ್ದೆಗೆ ನೀರು ಕಟ್ಟಲು ಬಂದದ್ದೇ ತಪ್ಪಾಯಿತು.

ಮಿಷನ್ ಅವರ ನೆತ್ತಿಯ ಮೇಲೆ ನಿಂತು ಬುಸ್ಸೆಂದಿತು. ಅವರು ಓಡಿದರು. ರೋಗ ಹರಡುತ್ತಿದೆ ಎಂದುಕೊಂಡ ಮಿಷನ್ ಬೆನ್ನು ಹತ್ತಿತು. ಗದ್ದೆಗೆ ಮೂರು ಸುತ್ತು! ತಿಮ್ಮೇಶ್ ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದ. ಅದು ಬಿಟ್ಟದ್ದು ಎಣ್ಣೆ ತೀರಿದ ಮೇಲೆಯೇ. ಬಕ್ಕೇಶಪ್ಪನವರು ಎಣ್ಣೆಗಾಯಿಯ ಬದನೆಯಂತೆ ಮಿರಮಿರ ಮಿಂಚುತ್ತಿದ್ದರು.

"ಬೇಕಂತ ಮಾಡ್ಯಾನೆ! ನಡಿ ಹರಿಹರದ ಠಾಣೆಗೆ, ಒಳಗೆ ಹಾಕಿಸ್ತೀನಿ!"

ಕೇಸಾದರೆ ತಿಮ್ಮೇಶನ ಡ್ರೋನ್ ಹಾರಿಸುವ ಲೈಸೆನ್ಸು ಹೋಗುತ್ತದೆ, ಲೈಸೆನ್ಸು ಹೋದರೆ ಕೆಲಸ ಹೋಗುತ್ತದೆ. ಕಳೆ ಕೀಳುತ್ತಿದ್ದ ಮಾಬೂಬೀ ಸೆರಗು ಕೊಡವಿಕೊಂಡು ಬಂದಳು.

"ತಪ್ಪೆಲ್ಲ ಆ ಮಿಷನ್ನಿನ ತಲಿಗೆ ಕಟ್ಟು ತಮ್ಮಾ. ಅದಕ್ಕೇನು ಹೆಂಡ್ರಾ, ಮಕ್ಕಳಾ?"

ಠಾಣೆಯಲ್ಲಿ ಮಿಷನ್ನನ್ನು ಎದುರಿಗಿಟ್ಟುಕೊಂಡು ಹೆಡ್ ಕಾನ್‌ಸ್ಟೇಬಲ್ ಪ್ರಶಾಂತ ಪೆನ್ನು ಕಚ್ಚಿಕೊಂಡು ಕೂತ. "ಬೇಕಂತ ಮಾಡಿದ್ದಾದ್ರೆ ಕೇಸು. ಮಿಷನ್ನಿಗೆ ಬೇಕು-ಬ್ಯಾಡ ಐತೇನಪ್ಪ?"

"ಮೂರು ಸುತ್ತು ಅಟ್ಟಿಸ್ಕೊಂಡು ಬಂತಲ್ರಿ, ಇಲ್ದೇ ಬರ್ತೈತಾ?" ಬಕ್ಕೇಶಪ್ಪ ಗುಡುಗಿದರು.

"ಅದಕ್ಕಿಲ್ಲಾಂದ್ರೆ ತಿಮ್ಮೇಶಂಗೆ ಐತೆ ಅಂತಾಯ್ತು. ಇಬ್ಬರಲ್ಲಿ ಒಬ್ಬರಿಗೆ ಇರ್ಲೇಬೇಕು. ಕಾಗದ ಖಾಲಿ ಬಿಡಂಗಿಲ್ಲ," ಅಂದ ಪ್ರಶಾಂತ.

"ಅದಕ್ಕೇ ಐತ್ರಿ ಸರ!" ತಿಮ್ಮೇಶ್ ಕೈಮುಗಿದ. "ಎಲ್ಲಿ ಹೋಗ್ಬೇಕು, ಎಲ್ಲಿ ಹೊಡೀಬೇಕು, ಎಲ್ಲಾ ಅದರದೇ ಲೆಕ್ಕ. ನಾನು ಸುಮ್ನೆ ನಿಂತಿರ್ತೀನಿ ಅಷ್ಟೆ."

ಪ್ರಶಾಂತ ಹಾಗೆಯೇ ಬರೆದುಕೊಂಡ. ತಿಮ್ಮೇಶ್ ಸೈ ಹಾಕಿದ. "ಆರೋಪಿ ತಂದೆ ಹೆಸರು?" ಎಂದು ಮುಂದಿನ ಸಾಲು ಓದಿದ ಪ್ರಶಾಂತ ಮಿಷನ್ನನ್ನು ತಿರುಗಿಸಿ ನೋಡಿದ.

ಅಷ್ಟರಲ್ಲಿ ಸುದ್ದಿ ತಿಳಿದು ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಡ್ರೋನಿನ ಒಡತಿ ಪ್ರೇಮಲತಾ ಕಾರಿನಲ್ಲಿ ಬಂದಿಳಿದಳು. ಬಕ್ಕೇಶಪ್ಪನವರಿಗೆ ಹೊಸ ರುಮಾಲು ತಂದಿದ್ದಳು, ಬಿಳಿಯದು.

"ಹೋಗ್ಲಿ ಬಿಡವ್ವಾ," ಅಂದರು ಬಕ್ಕೇಶಪ್ಪ. "ಕಬ್ಬಿಣದ ಕೂಡ ಕೋರ್ಟಿಗೆ ಯಾರು ಅಲೀತಾರೆ?"

ತಿಮ್ಮೇಶನಿಗೆ ಹೋದ ಜೀವ ಬಂದಂತಾಯಿತು. ಪ್ರೇಮಲತಾ ಹೇಳಿಕೆಯನ್ನು ಎರಡು ಸಲ ಓದಿದಳು.

"ಎಲ್ಲಾ ಅದೇ ಮಾಡ್ತೈತೆ, ನೀನು ಸುಮ್ನೆ ನಿಂತಿರ್ತೀಯ ಅಂತ ಸೈ ಹಾಕಿದೀಯಲ್ಲಪ್ಪ. ಮತ್ತೆ ನೀನು ನನಗ್ಯಾಕ ಬೇಕು?"

"ಮೇಡಂ, ಎರಡು ತಿಂಗಳ ಸಂಬಳ ಬರ್ಬೇಕು..."

"ಕೆಲಸ ಮಾಡಿದೋರಿಗೆ ಕೊಡ್ತೀನಿ."

ಅವಳು ಮಿಷನ್ನನ್ನು ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಕೂಡಿಸಿ, ಬೆಲ್ಟು ಹಾಕಿ, ಕಾರು ಹೊರಡಿಸಿದಳು.